ಪರವಾ ಅಂದರೆ ಯಾವ ದಿನ?

"ಈ ಸರ್ಟಿಫಿಕೇಟಿನ ದಿನ ಇನ್ನೂ ಬಂದಿಲ್ಲ."

ಪರದೆಯ ಮೇಲೆ ಇಂಗ್ಲಿಷಿನಲ್ಲಿ ಮೂಡಿದ ಆ ಮಾತನ್ನು ಉಜ್ವಲಾ ಮತ್ತೆ ಓದಿದಳು. ಬೆಳಗಿನಿಂದ ಅದೇ ಉತ್ತರ. ಹೋದವರನ್ನೆಲ್ಲ "ನಾಳೆ ಬಾ" ಎಂದು ತಿರುಗಿ ಕಳಿಸುವ ಸರ್ಕಾರಿ ಕಚೇರಿಯಂತೆ ಮಾಳುವಿನ ಲ್ಯಾಪ್‌ಟಾಪು ಅವಳನ್ನು ಸತಾಯಿಸುತ್ತಿತ್ತು. ಊಟದ ಹೊತ್ತು ಮೀರಿತ್ತು. ತಂದ ಬುತ್ತಿ ಬಿಚ್ಚಿರಲಿಲ್ಲ.

ಮಾಳು ಕಾಣೆಯಾದದ್ದು ರವಿವಾರ. ಸೋಮವಾರ ನಸುಕಿಗೆ ಅವನ ಬೈಕು, ಚಪ್ಪಲಿ ಕುಡಚಿಯ ಹತ್ತಿರ ಕೃಷ್ಣಾ ಸೇತುವೆ, ಅಂದರೆ ಪೂಲಿನ ಮೇಲೆ ಸಿಕ್ಕವು. ಇವತ್ತು ಮಂಗಳವಾರ, ಪೊಲೀಸರಿಗೆ ಹುಡುಕಿ ಸಾಕಾಗಿತ್ತು. "ಹೊಳೆಗೆ ಹಾರಿದ್ದಾನೆ" ಎಂದು ಬರೆದ ಕಾಗದ ಹಿಡಿದು ಪಿಎಸ್ಐ ಭರತ ದಂಡೆಯ ಮೇಲೆ ಕೂತಿದ್ದ. ಮಾಳುವಿನ ತಾಯಿ ತಾರವ್ವನ ಹೆಬ್ಬೆಟ್ಟು ಬಿದ್ದರೆ ಹುಡುಕಾಟ ಅಲ್ಲಿಗೆ ಬಂದ್.

"ಮಗಾ ಸತ್ತಾನಂತ ನಾನಾ ಹೇಳಬೇಕೇನವ್ವಾ?" ಎಂದು, ಮಗನನ್ನು ಹುಡುಕುವ ಕೆಲಸ ಒಪ್ಪಿಸಿದ್ದ ಆ ಕುರಿಗಾರ ಹೆಂಗಸು ಬೆಳಿಗ್ಗೆ ಫೋನಿನಲ್ಲಿ ಕೇಳಿದ್ದಳು. "ಸಂಜೀತನಕ ತಡೀರಿ ಅವ್ವಾರ," ಎಂದಷ್ಟೇ ಉಜ್ವಲಾ ಅಂದಿದ್ದಳು. ಆ ಸಂಜೆ ಈಗ ದೂರವಿರಲಿಲ್ಲ.

ಉಗಾರ ಖುರ್ದದಲ್ಲಿ ಮಾಳು ಬಾಡಿಗೆಗಿದ್ದ ಆ ಮಾಳಿಗೆಯ ಖೋಲಿಯಲ್ಲಿ ಒಂದು ತಟ್ಟೆ, ಒಂದು ಕಪ್ಪು, ಒಂದು ಕುರ್ಚಿ. ಗೋಡೆಯ ಮೊಳೆಗೆ ಒಂದು ಅಂಗಿ. ಕಿಟಕಿಯ ಕೆಳಗೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಾಕಿಕೊಂಡು ಹೋಗುತ್ತಿದ್ದವು. ಆ ಗದ್ದಲದ ಸಂಭ್ರಮ ಮೆಟ್ಟಿಲು ಹತ್ತಿ ಮೇಲೆ ಬರುತ್ತಿರಲಿಲ್ಲ.

ಚಿಕ್ಕೋಡಿಯ ಉಜ್ವಲಾಳ ಮನೆಯೂ ಹೀಗೇ. ಮೊದಲು ಪೊಲೀಸರಿಗೆ ಕಂಪ್ಯೂಟರು ತೆರೆದುಕೊಡುವ ಗುತ್ತಿಗೆ ಕೆಲಸ ಮಾಡಿಕೊಂಡಿದ್ದಳು. ಈಗ ಪತ್ತೇದಾರಿ ಎಂದು ಬೋರ್ಡು ಹಾಕಿಕೊಂಡರೂ ಬರುವುದೆಲ್ಲ ವರಗಳ ವಿಚಾರಣೆ. ಹುಡುಗ ಕುಡಿಯುತ್ತಾನಾ, ನಿಪ್ಪಾಣಿಯಲ್ಲಿ ಇನ್ನೊಂದು ಸಂಸಾರ ಇಟ್ಟಿದ್ದಾನಾ? ತಾಲೂಕಿನ ಅರ್ಧ ಮದುವೆಗಳು ಅವಳ ಮಾತಿನ ಮೇಲೆ ನಿಂತಿದ್ದವು, ಇನ್ನರ್ಧ ಮುರಿದಿದ್ದವು. ಅವಳದನ್ನು ಮಾತ್ರ ಯಾರೂ ವಿಚಾರಿಸಲಿಲ್ಲ. ಊರಿನ ಹುಳುಕೆಲ್ಲ ಬಲ್ಲವಳ ಪಕ್ಕ ಯಾರು ಕೂತಾರು? ಈ ಖೋಲಿಗೆ ಕಾಲಿಟ್ಟ ಕೂಡಲೇ, ನೋಡಿಯೇ ಇರದ ಮಾಳು ಅವಳಿಗೆ ಹಳೆಯ ಪರಿಚಯದವನಂತೆ ಕಂಡ. ಅದಕ್ಕೇ ಸಂಕಟ ಇನ್ನಷ್ಟು ಹೆಚ್ಚಾಯಿತು.

ಮಾಳು ಮತ್ತು ಅವನ ಪಾರ್ಟನರ್ ಶಿವರಾಜ ಅಥಣಿಯ ಹೊರಗಿನ ಒಂದು ಕೋಲ್ಡ್ ಸ್ಟೋರೇಜಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದರು. ಸುತ್ತಲಿನ ದ್ರಾಕ್ಷಿ ಬೆಳೆಗಾರರು ಒಣಗಿಸಿದ ಬೇದಾಣೆಯನ್ನೆಲ್ಲ ಇಡುವುದು ಅಲ್ಲೇ. ಅಲ್ಲಿನ ಖೋಲಿಗಳ ತಂಪು, ಬಾಗಿಲು, ಅಲಾರಂ ಇಷ್ಟನ್ನೂ ಕಾಯುವುದು ಒಂದು ಕಂಪ್ಯೂಟರಲ್ಲ, ಕಂಪ್ಯೂಟರುಗಳ ಒಂದು ಹಿಂಡು. ಕುಬರ್ನೆಟಿಸ್ ಕ್ಲಸ್ಟರ್ ಎಂದು ಅದಕ್ಕೆ ನಾಲಿಗೆ ಹೊರಳದ ಹೆಸರು. ಹುಕುಂ ಕೊಡಲು ಒಂದು ಮಾಸ್ಟರ್, ದುಡಿಯಲು ವರ್ಕರುಗಳು. ಪ್ರೋಗ್ರಾಮುಗಳು ಕಂಟೇನರ್ ಎಂಬ ಮುಚ್ಚಿದ ಡಬ್ಬಿಗಳಲ್ಲಿರುತ್ತವೆ. ಯಾವ ಡಬ್ಬಿ ಯಾರ ಹೆಗಲಿಗೆ ಎಂದು ಮಾಸ್ಟರ್ ಹಂಚುತ್ತದೆ.

ಆ ಹಿಂಡಿನದೇ ಪಡಿಯಚ್ಚು ಈ ಲ್ಯಾಪ್‌ಟಾಪಿನೊಳಗಿತ್ತು. ಒಂದೇ ಹೊಟ್ಟೆಯಲ್ಲಿ ಮೂರು ಹುಸಿ ಕಂಪ್ಯೂಟರು, ಮೂರು ವರ್ಚುವಲ್ ಮಷೀನು. ಈ ಕಸುಬಿನವರು ಮಷೀನುಗಳಿಗೆ ನಂಬರು ಕೊಡುತ್ತಾರೆ, ಮುದ್ದಿನ ಹೆಸರಿಡುವುದಿಲ್ಲ. ಮಾಳು ಕುರಿಗಾರರ ಮಗ, ಹೆಸರಿಡದೆ ಇದ್ದಾನೆಯೇ? ವರ್ಕರುಗಳಿಗೆ ಕರಿಯಾ, ಬೂದಿ ಎಂದು ಹೆಸರಿಟ್ಟಿದ್ದ. ಮಾಸ್ಟರಿನ ಹೆಸರು ಮಾತ್ರ ಬೇರೆ ಥರ. ಅದರ ಹೆಸರು ಪರವಾ.

"ಪರವಾ ಅಂದ್ರ ಮೊನ್ನಿರಿ," ಎಂದಿದ್ದ ಪಿಎಸ್ಐ ಭರತ, ಬೆಳಿಗ್ಗೆ ಲ್ಯಾಪ್‌ಟಾಪು ನೋಡಿ. "ರವಿವಾರ ಹೋಗೂ ಮುಂದ ಮಾಡಿಟ್ಟ ಕಾಪಿ. ಅದರಾಗ ಏನೂ ಇಲ್ಲ ಬಿಡ್ರಿ."

ಉಜ್ವಲಾ ಹೌದೆಂದು ತಲೆಯಾಡಿಸಿದ್ದಳು. ಹಿಂಡನ್ನು ಒಮ್ಮೆ ಎಬ್ಬಿಸಿದರೆ ಮಾಳು ಏನು ಮಾಡುತ್ತಿದ್ದ ಎಂಬುದು ತಿಳಿದೀತು ಎಂದು ಕೂತವಳು ಅವಳು. ಆದರೆ ಕರಿಯಾ ಮಾಸ್ಟರಿನ ಹಿಂಡಿಗೆ ಸೇರಲು ಒಪ್ಪುತ್ತಿಲ್ಲ. ಬೂದಿಯೂ ಒಪ್ಪುತ್ತಿಲ್ಲ. ಮಾಸ್ಟರ್ ತೋರಿಸುವ ಗುರುತಿನ ಸರ್ಟಿಫಿಕೇಟನ್ನು ನೋಡಿ ಎರಡೂ ಹೇಳುವುದು ಒಂದೇ ಮಾತು: ಇದರ ದಿನ ಇನ್ನೂ ಬಂದಿಲ್ಲ.

ದಿನ ಬಂದಿಲ್ಲ ಎನ್ನುವವನ ಗಡಿಯಾರ ಹಿಂದಿರಬೇಕು. ಇಲ್ಲ, ಸರ್ಟಿಫಿಕೇಟು ಬರೆದವನ ಗಡಿಯಾರ ಮುಂದಿರಬೇಕು.

ಇಷ್ಟು ಸಣ್ಣ ಮಾತು ಹೊಳೆಯಲು ಇಷ್ಟು ಹೊತ್ತು ಬೇಕಾಯಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಕರಿಯಾನ ಗಡಿಯಾರ ನೋಡಿದಳು. ಮಂಗಳವಾರ. ಬೂದಿಯದೂ ಮಂಗಳವಾರ. ಪರವಾದ ಗಡಿಯಾರ ನೋಡಿದಳು.

ಗುರುವಾರ.

ಪರವಾ ಮರಾಠಿಯಿಂದ ಬಂದ ಮಾತು, ಎರಡೂ ಬದಿಗೆ ಬಾಯಿರುವ ಮಾತು. ಪರವಾ ಬಂದಿದ್ದ ಅಂದರೆ ಮೊನ್ನೆ. ಪರವಾ ಬರತಾನ ಅಂದರೆ ನಾಡಿದ್ದು. ಹಿಂದೆ ಬರುವ ಕ್ರಿಯಾಪದ ನೋಡಿ ದಿನ ತಿಳಿಯಬೇಕು. ಕಾಗವಾಡದಿಂದ ನಿಪ್ಪಾಣಿಯವರೆಗೆ ಕನ್ನಡದವರ ಬಾಯಲ್ಲೂ ಅದು ಸಲೀಸಾಗಿ ಓಡಾಡುತ್ತದೆ, ಯಾರೂ ಎಡವುವುದಿಲ್ಲ. ಆದರೆ ಮಷೀನಿನ ಹೆಸರಿಗೆ ಕ್ರಿಯಾಪದ ಎಲ್ಲಿಂದ ಬರಬೇಕು?

ಇದು ಮೊನ್ನೆಯ ಕಾಪಿ ಅಲ್ಲ. ಯಾರೋ ಬೇಕೆಂದೇ ಎರಡು ದಿನ ಮುಂದಕ್ಕೆ ಓಡಿಸಿಟ್ಟ ಮಷೀನು.

ಅವಳ ಕೈ ಚುರುಕಾಯಿತು. ಸರ್ಟಿಫಿಕೇಟು ಹುಟ್ಟಿದ ದಿನ ತೆಗೆದಳು. ಬುಧವಾರ ಎಂದು ತೋರಿಸಿತು. ಸುಳ್ಳಿನ ಎರಡು ದಿನ ಕಳೆದರೆ ಸೋಮವಾರ. ಸೋಮವಾರ ನಸುಕಿಗಾಗಲೇ ಬೈಕು ಪೂಲಿನ ಮೇಲಿತ್ತು. ಹಾಗಾದರೆ ಹೊಳೆ ಪಾಲಾದವನ ಕುರ್ಚಿಯಲ್ಲಿ ಸೋಮವಾರ ಕೂತವರು ಯಾರು?

ಅವಳ ಅನುಮಾನದಲ್ಲಿದ್ದವರು ಇಬ್ಬರು. ಒಬ್ಬ ಕೋಲ್ಡ್ ಸ್ಟೋರೇಜಿನ ಮ್ಯಾನೇಜರ್ ನೇಮಿನಾಥ. ಕಳೆದ ವಾರ ಎಲ್ಲಿಂದಲೋ ಪ್ರೋಗ್ರಾಮಿನ ಒಂದು ಮುಚ್ಚಿದ ಡಬ್ಬಿ ತಂದು "ಹಾಕಿಬಿಡಪಾ" ಎಂದು ಮಾಳುವಿಗೆ ಕೊಟ್ಟವನು ಅವನೇ. ಇನ್ನೊಬ್ಬ ಶಿವರಾಜ.

ಅವಳು ಮೆಟ್ಟಿಲಿಗೆ ಬಂದು ಮನೆಯೊಡತಿ ಸೋನಾಬಾಯಿಯನ್ನು ಕರೆದಳು. "ಕಾಕು, ಸೋಮವಾರ ಈ ಖೋಲಿಗೆ ಯಾರ ಬಂದಿದ್ರು?"

"ಪೊಲೀಸರು ಬಂದು ಬಾಗಲಾಗ ನಿಂತ ನೋಡಿ ಹ್ವಾದ್ರು. ಆಮ್ಯಾಲ ಶಿವರಾಜ ಬಂದ. ಚಾರ್ಜರ್ ಬಿಟ್ಟೇನಿ, ತಗೊಂಡ ಹೋಗತೀನಿ ಅಂದ. ಮಧ್ಯಾಹ್ನ ಹತ್ತಿದಾಂವ ದೀಪಾ ಹಚ್ಚೂ ಹೊತ್ತಿಗೆ ಇಳದ. ಒಂದ ಚಾರ್ಜರಿಗೆ ಅಷ್ಟೊತ್ತ ಬೇಕೇನ ಬಾಯಿ?"

"ಒಬ್ಬಾಂವ ಇದ್ನೇನ್ರಿ?"

"ಒಬ್ಬಾಂವನ. ಖರೆ ಫೋನಿನ್ಯಾಗ ಮಾತಾಡಾಕತ್ತಿದ್ದ. 'ಹೂಂ', 'ಆತು', 'ಮುಂದ?' ಬರೇ ಇಷ್ಟ. ಯಾರರ ಅಡಗಿ ಕಲಿಸಾಕತ್ತಾರೇನೋ ಅಂತ ಅನಸ್ತ ನನಗ." ಸೋನಾಬಾಯಿ ಕೆಳಗೆ ಕೈ ತೋರಿದಳು. "ಅಲ್ಲೇ ಕಟ್ಟೀ ಮ್ಯಾಲ ಕುಂತಾನ ನೋಡ್ರಿ. ಮುಂಜಾನಿಂದ ಎದ್ದಿಲ್ಲ, ಚಾ ಕೊಟ್ರ ಕುಡದಿಲ್ಲ."

"ಮ್ಯಾಲ ಕಳಸ್ರಿ ಅವನ್ನ."

ಶಿವರಾಜ ಬಂದು ಬಾಗಿಲಲ್ಲೇ ನಿಂತ. ಮೂವತ್ತರ ಆಸುಪಾಸಿನ ದಪ್ಪ ಆಸಾಮಿ, ಕಣ್ಣು ಕೆಂಪಗೆ ಊದಿದ್ದವು. ಪಾರ್ಟನರುಗಳಲ್ಲಿ ಇವನದು ಗಿರಾಕಿ ಹಿಡಿಯುವ, ವೈರು ಎಳೆಯುವ ಕೆಲಸ. ಮಷೀನು ಕಟ್ಟುವುದು ಮಾಳುವಿನದು.

"ಬರ್ರಿ. ಮಾಳೂನ ಬಗ್ಗೆ ಸ್ವಲ್ಪ ಕೇಳೂದೈತಿ. ಕುಡೀತಿದ್ನೇನು?"

"ಇಲ್ರಿ ಅಕ್ಕಾರ. ಅಂವಾ ಕುಡಿಯಂಗಿಲ್ಲ."

"ಯಾರ ಜೋಡೀನರ ಜಗಳಾಡಿದ್ನೇನು?"

"ಅಂವಾ ಯಾರ ಗೊಡವಿಗೂ ಹೋಗಂಗಿಲ್ರಿ. ತಾ ಆತು, ತನ್ನ ಮಷೀನ್ ಆತು."

ಉಜ್ವಲಾ ಮೇಲೆ ನೋಡಲಿಲ್ಲ. ವರಗಳ ಮನೆಗಳಲ್ಲಿ ಎಷ್ಟು ವರ್ಷ ಚಹಾ ಕುಡಿದು ಅವಳು ಕಲಿತದ್ದು ಒಂದೇ ವಿದ್ಯೆ: ಹೆಸರು ಸುಳ್ಳು ಹೇಳೀತು, ಊರು ಸುಳ್ಳು ಹೇಳೀತು, ಕ್ರಿಯಾಪದ ಹೇಳುವುದಿಲ್ಲ. ಸತ್ತವನ ಗೆಳೆಯ "ಕುಡೀತಿರಲಿಲ್ಲ" ಎನ್ನುತ್ತಾನೆ. ಇವನು "ಕುಡಿಯಂಗಿಲ್ಲ" ಎಂದ.

ಅವಳು ಇನ್ನೊಂದು ಕಲ್ಲು ಎಸೆದು ನೋಡಿದಳು. "ಈ ಪರವಾ ಅನ್ನೂದು ಮೊನ್ನಿ ಕಾಪಿ ಅಂತ. ಸುಮ್ಮನ ಜಾಗಾ ತಿನ್ನಾಕತ್ತೈತಿ. ಅಳಿಸಿ ಬಿಡತೀನಿ."

"ಬ್ಯಾಡ್ರಿ ಅಕ್ಕಾರ!" ಶಿವರಾಜ ಮುಂದೆ ಹಾರಿ ಲ್ಯಾಪ್‌ಟಾಪಿಗೆ ಕೈ ಅಡ್ಡ ಹಿಡಿದ. "ಅದರ ದಿನಾ ಇನ್ನೂ ಬಂದಿಲ್ಲ!"

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಿದ್ದ.

"ಊರಾಗ ಎಲ್ಲಾರಿಗೂ ಈ ಪರವಾ ಅಂದ್ರ ಮೊನ್ನಿ," ಎಂದಳು ಉಜ್ವಲಾ ಮೆತ್ತಗೆ. "ನಿನಗ ಒಬ್ಬಗ ನಾಡದ ಹೆಂಗಾತು? ಎಲ್ಲಿ ಅದಾನ ಮಾಳು?"

"ನನಗ ಗೊತ್ತಿಲ್ರಿ."

"ಶಿವರಾಜ."

"ತಾರವ್ವನ ಆಣಿ ಹಾಕ್ಯಾನ್ರಿ ನನ್ನ ಮ್ಯಾಲ. ಯಾರಿಗೂ ಹೇಳಬ್ಯಾಡ ಅಂತ."

ಇಷ್ಟು ಹೊತ್ತು ಹಿಡಿದಿಟ್ಟ ಸಿಟ್ಟು ಉಜ್ವಲಾಳ ಬಾಯಿಗೆ ಬಂತು. "ಆ ತಾರವ್ವ ಹೊಳೀ ದಂಡೀ ಮ್ಯಾಲ ಕುಂತಾಳ! ಮಗಾ ಸತ್ತಾನಂತ ಆಕೀ ಕಡೆ ಹೆಬ್ಬೆಟ್ಟ ಒತ್ತಿಸ್ಕೊಳ್ಳಾಕತ್ತಾರ! ಆಕಿ ಆಣಿ ಉಳಸಾಕ ಹೋಗಿ ಆಕೀನ ಸಾಯಸ್ತೀಯೇನಲೇ?"

ಶಿವರಾಜ ಗೋಡೆಗೆ ಆತು ನೆಲದ ಮೇಲೆ ಕುಸಿದ. ಆಮೇಲೆ ಅವನ ಬಾಯಿಂದ ಮಾತು ಬರತೊಡಗಿತು.

ರವಿವಾರ ಕೋಲ್ಡ್ ಸ್ಟೋರೇಜಿನ ಮಷೀನ್ ಮನೆಯ ಹಿಂದೆ ಯಾರೋ ಫೋನಿನಲ್ಲಿ ಮಾತಾಡುವುದು ಮಾಳುವಿನ ಕಿವಿಗೆ ಬಿದ್ದಿತ್ತು. ಡಬ್ಬಿ ಪರವಾ ತಾನಾಗಿಯೇ ಏಳುತ್ತದೆ, ಆಪಾದನೆಯೆಲ್ಲ ಅದನ್ನು ಹಾಕಿದ ಮಾಳುವಿನ ತಲೆಗೆ ಎಂಬ ಮಾತು. ಕಂಪ್ರೆಸರಿನ ಗದ್ದಲದಲ್ಲಿ ದನಿ ಯಾರದೆಂದು ತಿಳಿಯಲಿಲ್ಲ. ಮಾಳು ತನ್ನದೇ ಬೈಕು, ಚಪ್ಪಲಿ ಪೂಲಿನ ಮೇಲೆ ಬಿಟ್ಟ. ತಾನು ಸತ್ತೆನೆಂದರೆ ಅವರು ಹೆದರಿಕೆಯಿಲ್ಲದೆ ಮುಂದುವರಿಯುತ್ತಾರೆ, ಆಗ ಮುಖ ನೋಡಬಹುದು ಎಂಬ ಲೆಕ್ಕ.

"ಅವ್ವಗರ ಹೇಳಬಾರದೇನು?"

"ನಮ್ಮವ್ವಗ ಸುಳ್ಳ ಅಳಾಕ ಬರಂಗಿಲ್ಲ ಅಂದ್ರಿ."

ಉಜ್ವಲಾ ಮುಖ ತಿರುಗಿಸಿದಳು. ತನಗಾಗಿ ಅಳುವ ಒಂದು ಜೀವ ಇದೆ ಎಂಬ ಭರವಸೆ ಇದ್ದವನು ಮಾತ್ರ ಅಂಥ ಮಾತು ಆಡಬಲ್ಲ. ಅವಳಿಗೆ ಅವನ ಮೇಲೆ ಸಿಟ್ಟೂ ಬಂತು, ಹೊಟ್ಟೆಕಿಚ್ಚೂ ಆಯಿತು.

"ನಿನ್ನೆ, ಸೋಮವಾರ ಫೋನ್ ಮಾಡಿದ್ದ," ಎಂದ ಶಿವರಾಜ. "ಡಬ್ಬಿಯೊಳಗ ಏನೈತಿ ತಗದ ನೋಡಾಕ ಬರಂಗಿಲ್ಲ, ಸೀಲ್ ಐತಿ. ಅದಕ್ಕ ಸುಳ್ಳ ತಾರೀಖ ತೋರಿಸಿ ಎಬ್ಬಸೂಣು ಅಂದ. ಹೊಸಾ ಮಾಸ್ಟರ್ ಮಾಡು, ಗಡಿಯಾರಾ ಪರವಾಕ್ಕ ಇಡು ಅಂದ. ಅಂವಾ ಹೇಳಿದಂಗ ಮಾಡಕೋತ ಹ್ವಾದ್ನಿ. ಅಷ್ಟ್ರಾಗ ಫೋನ್ ಕಟ್ಟಾತು. ಆವಾಗಿಂದ ಹತ್ತಂಗಿಲ್ಲ. ಬ್ಯಾಟರಿ ಮುಗದಿರಬೇಕ್ರಿ."

"ಎಲ್ಲಿಂದ ಮಾಡಿದ್ದ?"

"ಕೋಲ್ಡ್ ಸ್ಟೋರೇಜಿನ್ಯಾಗಿಂದಾನ. ನಾಕನೇ ಖೋಲಿ ದುರಸ್ತಿಗೆ ಖಾಲಿ ಬಿಟ್ಟಾರ. ಮಾಲಿಲ್ಲ, ತಂಪಿಲ್ಲ. ಅಲ್ಲಿ ಯಾರೂ ಬರಂಗಿಲ್ಲಂತ ಅದರಾಗ ಕುಂತಾನ." ಅವನು ಮೂಗು ಒರೆಸಿಕೊಂಡ. "ಬುಧವಾರತನಕ ಸುಮ್ಮ ಇದ್ರ ಆತು. ಇನ್ನ ಒಂದ ದಿನಾ."

ಮಾಳು ಬದುಕಿದ್ದಾನೆ. ಉಜ್ವಲಾಳಿಗೆ ಕೂಡಲೇ ತಾರವ್ವನಿಗೆ ಫೋನು ಮಾಡಬೇಕೆನಿಸಿತು. ಆದರೆ ಹುಸಿ ಹಿಂಡು ಇನ್ನೂ ಎದ್ದಿರಲಿಲ್ಲ. ಡಬ್ಬಿಯಲ್ಲಿ ಏನಿದೆ ಎಂದು ತಿಳಿಯದೆ ಬಾಯಿ ಬಿಡುವುದು ಬೇಡ ಎಂದು ತಡೆದಳು.

ಮುಂದಿನದು ಸುಲಭವಿತ್ತು. ಮಾಸ್ಟರ್ ಸುಳ್ಳು ಹೇಳುವುದಾದರೆ ವರ್ಕರೂ ಅದೇ ಸುಳ್ಳು ಹೇಳಬೇಕು. ಕರಿಯಾನ ಗಡಿಯಾರವನ್ನು ಗುರುವಾರಕ್ಕೆ ಓಡಿಸಿದಳು. ಸೇರಲು ಬೇಕಾದ ಟೋಕನ್ ಹಳಸಿತ್ತು, ಹೊಸದು ಬರೆದಳು. ಈ ಸಲ ಕರಿಯಾ ತಕರಾರಿಲ್ಲದೆ ಹಿಂಡಿಗೆ ಸೇರಿತು. ಮಾಸ್ಟರ್ ಆ ಮುಚ್ಚಿದ ಡಬ್ಬಿಯನ್ನು ಅದರ ಹೆಗಲಿಗೆ ಹೊರಿಸಿತು.

ಡಬ್ಬಿ ತಾರೀಖು ನೋಡಿಕೊಂಡಿತು. ಎದ್ದಿತು.

ನಾಲ್ಕನೇ ಖೋಲಿ, ಅಲಾರಂ ಬಂದ್. ನಾಲ್ಕನೇ ಖೋಲಿ, ಬಾಗಿಲು ಲಾಕ್. ನಾಲ್ಕನೇ ಖೋಲಿ, ಅಮೋನಿಯಾ ವಾಲ್ವ್ ಓಪನ್. ಒಂದರ ಹಿಂದೊಂದು ಹುಕುಂ ಹೊರಟವು. ಈ ಹುಸಿ ಹಿಂಡಿನಲ್ಲಿ ಅವನ್ನು ಕೇಳಲು ಬಾಗಿಲೂ ಇರಲಿಲ್ಲ, ವಾಲ್ವೂ ಇರಲಿಲ್ಲ.

"ಖಾಲಿ ಖೋಲ್ಯಾಗ ಆ ವಿಷದ ಗ್ಯಾಸ್ ಯಾಕ ಬಿಡತಾರ್ರಿ?" ಎಂದು ಕೇಳಿದ ಶಿವರಾಜ.

"ಖಾಲಿ ಐತಿ ಅಂತನ," ಎಂದಳು ಉಜ್ವಲಾ. "ಮಾಲ ಕೆಡಂಗಿಲ್ಲ, ಯಾರೂ ಸಾಯಂಗಿಲ್ಲ. ಗ್ಯಾಸ್ ಅಂದ ಕೂಡ್ಲೇ ಮಂದಿ ಎಲ್ಲಾ ಓಡತಾರ. ಆ ಗಡಿಬಿಡ್ಯಾಗ ಬೇದಾಣೆ ಲಾರಿ ಹೇರಿಕೊಂಡ ಹ್ವಾದ್ರ ಕೇಳವರು ಯಾರು?"

ಯಾರೂ ಇರದ ಜಾಗ ಬೇಕೆಂದು ಅವರು ಹುಡುಕಿದ್ದರು. ಯಾರೂ ಇರದ ಜಾಗ ಬೇಕೆಂದು ಮಾಳುವೂ ಹುಡುಕಿದ್ದ. ಇಬ್ಬರಿಗೂ ಸಿಕ್ಕದ್ದು ಒಂದೇ ಖೋಲಿ.

ಶಿವರಾಜ ಎದ್ದು ನಿಂತಿದ್ದ. "ನಡ್ರಿ ಅಕ್ಕಾರ, ಕರ್ಕೊಂಡ ಬರೂಣು. ನಾಳಿತನಕ ಟೈಮ್ ಐತಿ."

ಉಜ್ವಲಾ ಚಪ್ಪಲಿಗೆ ಕಾಲು ಹಾಕಿದವಳು ನಿಂತಳು. "ನಾಳಿ ಅಂತ ಮಾಳು ಹೇಳಿದ್ನೇನು?"

"ಪರವಾ ಅಂದ. ಸೋಮವಾರ ಅಂದ, ಪರವಾ ಅಂದ್ರ ಬುಧವಾರ ಆತಲ್ರಿ."

"ಪರವಾ ಅನ್ನೂದು ಮಾಳೂನ ಮಾತೋ, ಅಂವಾ ಕೇಳಿಸ್ಕೊಂಡ ಮಾತೋ?"

"ಅಂವಾ ಕೇಳಿಸ್ಕೊಂಡದ್ದ. ಅವರು ಅಂದಂಗ ಹೇಳಿದ."

"ಅವರು ಅಂದದ್ದ ಯಾವತ್ತ?"

ಶಿವರಾಜ ಬೆರಳು ಮಡಚಿ ಎಣಿಸಿದ. ರವಿವಾರ ಆಡಿದ ಪರವಾವನ್ನು ಮಾಳು ಸೋಮವಾರ ಹಾಗೇ ದಾಟಿಸಿದ್ದ, ಇವನು ಸೋಮವಾರದಿಂದ ಎಣಿಸಿದ್ದ. ಮಾತು ಬಾಯಿಂದ ಬಾಯಿಗೆ ಹೋಗುವಾಗ ಒಂದು ದಿನ ಮುಂದಕ್ಕೆ ಜರುಗಿತ್ತು.

ಅವಳು ಮತ್ತೆ ಕುರ್ಚಿಗೆ ಬಂದಳು. ಡಬ್ಬಿ ಈಗ ಕರಿಯಾನ ಹತ್ತಿರವೇ ಇತ್ತು, ಓಡಿಸಲು ಮಾಸ್ಟರ್ ಬೇಕಿರಲಿಲ್ಲ. ಕರಿಯಾನ ಗಡಿಯಾರವನ್ನು ಬುಧವಾರಕ್ಕೆ ತಂದು ಡಬ್ಬಿಯನ್ನು ಹೊಸದಾಗಿ ಓಡಿಸಿದಳು. ಎದ್ದಿತು. ಇನ್ನೂ ಹಿಂದಕ್ಕೆ, ಇವತ್ತಿನ ರಾತ್ರಿಗೆ ತಂದಳು. ಎದ್ದಿತು.

ಮಲಗು, ದೇವರ ಹೆಸರಿನಲ್ಲಿ ಈ ಒಂದು ಸಲ ಮಲಗು ಎಂದು ಡಬ್ಬಿಯನ್ನು ಬೇಡಿಕೊಳ್ಳುತ್ತ ಕರಿಯಾನ ಗಡಿಯಾರವನ್ನು ತನ್ನ ಕೈಗಡಿಯಾರಕ್ಕೆ ಸರಿಯಾಗಿ ಕೂಡಿಸಿದಳು. ಮಂಗಳವಾರ, ಈ ಮಧ್ಯಾಹ್ನ, ಈ ಗಳಿಗೆ.

ನಾಲ್ಕನೇ ಖೋಲಿ, ಅಲಾರಂ ಬಂದ್. ನಾಲ್ಕನೇ ಖೋಲಿ, ಬಾಗಿಲು ಲಾಕ್.

ಶಿವರಾಜ ಹುಚ್ಚನಂತೆ ಮಾಳುವಿನ ನಂಬರು ಒತ್ತುತ್ತಿದ್ದ. ಹತ್ತುತ್ತಿರಲಿಲ್ಲ. ಉಜ್ವಲಾ ಪಿಎಸ್ಐಗೆ ಫೋನು ಹಚ್ಚಿದಳು. ಅವನ ಫೋನು ಬ್ಯುಸಿ ಇತ್ತು. ಕಟ್ಟು ಮಾಡುವುದರೊಳಗೆ ಅವಳ ಕೈಯಲ್ಲೇ ಫೋನು ಬಡಿದುಕೊಂಡಿತು.

ತಾರವ್ವ.

"ಯವ್ವಾ, ನಾ ಹೆಬ್ಬೆಟ್ಟ ಒತ್ತಿಲ್ಲ ನೋಡ," ಎಂದಳು ತಾರವ್ವ. ದನಿಯಲ್ಲಿ ಎರಡು ದಿನದ ಮೇಲೆ ಸಣ್ಣದೊಂದು ಗೆಲುವಿತ್ತು. "ಹೆಬ್ಬೆಟ್ಟಿಗೆ ಮಸಿ ಹಚ್ಚಿದ್ರು. ಅಷ್ಟ್ರಾಗ ಸಾಹೇಬ್ರಿಗೆ ಫೋನ್ ಬಂತು, ಕಾಗದಾ ಬಿಟ್ಟ ಜೀಪ್ ಹತ್ತಿ ಓಡಿದ್ರು. ಅಥಣ್ಯಾಗ ನಮ್ಮ ಮಾಳು ಹೋಗತಿದ್ನಲ್ಲ, ಆ ಕೋಲ್ಡ್ ಸ್ಟೋರೇಜ್, ಅಲ್ಲಿ ಗ್ಯಾಸ್ ಸೋರೇತಂತ."

ಉಜ್ವಲಾ ಎದ್ದು ನಿಂತಳು. "ಅವ್ವಾರ..."

"ಅಂಜಬ್ಯಾಡ, ಮಂದಿ ಎಲ್ಲಾ ಹೊರಗ ಬಂದಾರಂತ. ಸೋರಿದ್ದ ಯಾವುದೋ ಖಾಲಿ ಖೋಲ್ಯಾಗಂತ. ಪುಣ್ಯಾ ನೋಡವ್ವಾ, ಒಳಗ ಯಾರೂ ಇರಲಿಲ್ಲಂತ. ನನ್ನಂಗ ಯಾ ತಾಯಿ ಹೊಟ್ಟೀನೂ ಉರೀಲಿಲ್ಲ."